ಬಾಲ್ಕನಿಯ ಆರು ಡಬ್ಬಿಗಳು

ತಂಗಿ ಟೊಮೇಟೊ ಗಿಡವನ್ನು ಎರಡೇ ಬೆರಳಲ್ಲಿ ಹಿಡಿದೆಳೆದಳು. ಒಂಚೂರೂ ಹಟ ಮಾಡದೆ ಬುಡಸಮೇತ ಕೈಗೆ ಬಂತು. ಬೇರು ಕಪ್ಪಗಾಗಿ ಲೋಳೆಗಟ್ಟಿತ್ತು. ಕೊಳೆತ ವಾಸನೆ ಪುಟ್ಟ ಬಾಲ್ಕನಿಯನ್ನೆಲ್ಲ ತುಂಬಿತು. ಬಣ್ಣದ ಖಾಲಿ ಡಬ್ಬಿಗಳಲ್ಲಿ ನೆಟ್ಟಿದ್ದ ಆರು ಗಿಡಗಳಲ್ಲಿ ಇದೇ ಕೊನೆಯದು.

“ನೀನು ಹೇಳಿದ ಹಾಗೇ ಆಯ್ತಲ್ಲಕ್ಕ,” ಎಂದಳು. ಇಪ್ಪತ್ತು ದಿನಗಳ ಮೇಲೆ ಅವಳು ಆಡಿದ ಮೊದಲ ಮಾತು.

ಅಕ್ಕ ಬಾಗಿಲಲ್ಲೇ ನಿಂತಳು. ತಾನು ಅಂದು ಆಡಿದ್ದು ತಮಾಷೆಗೆ. ಮಣ್ಣಿನ ಚೀಲ ಹೊತ್ತು ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದ ತಂಗಿಗೆ, “ಸಂಗೀತ ಎರಡು ತಿಂಗಳು, ಟೈಪಿಂಗ್ ಹದಿನೈದು ದಿನ. ಇದೆಷ್ಟು ದಿನವೋ ನೋಡೋಣ,” ಎಂದಿದ್ದಳು. ಅವಳ ಮುಖ ಸಣ್ಣಗಾದದ್ದು ಕಂಡೂ ನಾಲಿಗೆ ನಿಲ್ಲಲಿಲ್ಲ: “ಕೊನೆಗೆ ನೀರು ಹಾಕೋದು ನಾನೇ ಬಿಡು.” ಇಬ್ಬರೇ ಇರುವ ಮನೆ. ಅವತ್ತಿನಿಂದ ಮಾತಿಲ್ಲ, ಕತೆಯಿಲ್ಲ.

ಮಾತು ಬಿಟ್ಟವಳು ಗಿಡಗಳನ್ನೂ ಬಿಟ್ಟಳೆಂದೇ ಅಕ್ಕ ಎಣಿಸಿದಳು. ಹೊಲಿಗೆ ಕಾರ್ಖಾನೆಗೆ ಹೊರಡುವ ಮುಂಚೆ, ನಸುಕಿನಲ್ಲಿ, ಸದ್ದಾಗದಂತೆ ದಿನವೂ ಡಬ್ಬಿಗೊಂದು ಚೊಂಬು ನೀರು ಸುರಿದಳು. ಮಣ್ಣು ಒದ್ದೆಯಿದ್ದರೆ ರಾತ್ರಿಯ ಇಬ್ಬನಿ ಇರಬೇಕೆಂದುಕೊಂಡಳು. ಎಲೆಗಳು ಜೋತುಬಿದ್ದಾಗ, ‘ತಿರುಗಿಯೂ ನೋಡಿಲ್ಲ ಮಹಾರಾಯ್ತಿ’ ಎಂದು ಎರಡೆರಡು ಚೊಂಬು ಸುರಿದಳು.

“ಒಂದು ದಿನ ತಪ್ಪಿಸಿಲ್ಲ ಕಣಕ್ಕ,” ತಂಗಿ ಗಿಡವನ್ನೇ ನೋಡುತ್ತ ಹೇಳಿದಳು. “ಸಂಜೆ ಔಷಧಿ ಅಂಗಡಿ ಕೆಲಸ ಮುಗಿಸಿ ಬಂದವಳೇ ಬ್ಯಾಗ್ ಕೂಡ ಇಳಿಸದೆ ನೀರು ಹಾಕ್ತಿದ್ದೆ. ಬಾಡೋಕೆ ಶುರುವಾದ ಮೇಲೆ ಇನ್ನೂ ಜಾಸ್ತಿನೇ ಹಾಕ್ದೆ. ನನ್ನ ಕೈಗುಣಾನೇ ಸರಿಯಿಲ್ಲ ಅನ್ಸುತ್ತೆ.”

ಮಣ್ಣಿನ ಆ ಒದ್ದೆ ಇಬ್ಬನಿಯದಲ್ಲವೆಂದು ಅಕ್ಕನಿಗೆ ಹೊಳೆಯಿತು. ಈಗ ಸುಮ್ಮನಿದ್ದುಬಿಟ್ಟರೆ ಎಲ್ಲವೂ ಆ ಕೈಗುಣದ ಮೇಲೆಯೇ ಮುಗಿದುಹೋಗುತ್ತಿತ್ತು.

“ನಿನ್ನ ಕೈದೇನೂ ತಪ್ಪಿಲ್ಲ. ದಿನಾ ಬೆಳಿಗ್ಗೆ ನಾನೂ ಹಾಕ್ತಿದ್ದೆ.”

“ನೀನಾ? ನೀನ್ಯಾಕೆ ಹಾಕ್ದೆ?”

ಅಕ್ಕನ ಬಳಿ ಇದ್ದದ್ದು ಒಂದೇ ಉತ್ತರ, ‘ನೀನು ಬಿಟ್ಟುಬಿಟ್ಟೆ ಅಂದ್ಕೊಂಡೆ’; ಅದನ್ನು ಹೇಳಲು ಬಾಯಿ ಬರಲಿಲ್ಲ. ತಂಗಿ ಅವಳ ಮುಖವನ್ನೇ ನೋಡಿದಳು, ಅರ್ಥವಾದ ಮೇಲೆ ನೋಡುವುದನ್ನು ಬಿಟ್ಟಳು.

ರೇಗಲಿಲ್ಲ. ಡಬ್ಬಿಯನ್ನು ನಿಧಾನವಾಗಿ ಓರೆ ಮಾಡಿದಳು. ಮಣ್ಣಿಗೆ ಮುಂಚೆ ನೀರೇ ಹರಿದು ಬಂದು ಅಕ್ಕನ ಪಾದ ಮುಟ್ಟಿತು.

“ಇದ್ರಲ್ಲಿ ನಾನು ಹಾಕಿದ ನೀರು ಯಾವುದಕ್ಕ?”