ಕೆಂಪು ಗೆರೆ ದಾಟಿದ ಮುಳ್ಳು

ಚಳ್ಳಕೆರೆ ದಾಟುವ ಮೊದಲೇ ಕಾರಿನ ಬಿಸಿ ತೋರಿಸುವ ಮುಳ್ಳು ಮೇಲೇರಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಹಿಂದಿನ ಸೀಟಿನಲ್ಲಿದ್ದ ತ್ರಿವೇಣಿ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೈ ಮುಗಿದಳು. ಕಾರು ಕೆಟ್ಟುಹೋಗಲಿ ಎಂದು ಹರಕೆ ಹೊತ್ತವಳು ಆ ತಾಲ್ಲೂಕಿನಲ್ಲಿ ಅವಳೊಬ್ಬಳೇ ಇರಬೇಕು.

ಅವಳ ಅಪ್ಪ ಗಾದ್ರಪ್ಪ ಬಳ್ಳಾರಿ ರಸ್ತೆಯ ಗ್ಯಾರೇಜೊಂದರ ಮುಂದೆ ಕಾರು ನಿಲ್ಲಿಸಿದ. ಪಕ್ಕದ ಸೀಟಿನಿಂದ ದೊಡ್ಡಪ್ಪ ಚಿತ್ತಯ್ಯ ಇಳಿದು ಪಂಚೆ ಕೊಡವಿಕೊಂಡ.

"ಇದು ಮೂರನೇ ಸಲ ಕಣೋ ಗಾದ್ರಿ. ಏನು ಗಾಡಿ ಇಟ್ಕೊಂಡಿದ್ದೀಯ."

ದೊಡ್ಡಉಳ್ಳಾರ್ತಿಯಿಂದ ಮೊಳಕಾಲ್ಮುರಿಗೆ, ಅಂದರೆ ತ್ರಿವೇಣಿಯ ಗಂಡನ ಮನೆಗೆ, ಅವಳನ್ನು ಬಿಟ್ಟುಬರಲು ಹೊರಟದ್ದು ಮೂರನೇ ಸಲ. ಗಂಡ ಎರ್ರಿಸ್ವಾಮಿ ರೇಷ್ಮೆ ಸೀರೆಯ ಮಗ್ಗ ಇಟ್ಟವನು. ಮಗ್ಗದ ಲಾಳಿಯನ್ನು ಅವನು ನೂಲಿಗೆ ಮಾತ್ರ ಬಳಸಿದ್ದರೆ ಅವಳ ಎಡ ಮಣಿಕಟ್ಟು ಹೀಗೆ ಸೊಟ್ಟಗೆ ಕೂಡಿಕೊಳ್ಳುತ್ತಿರಲಿಲ್ಲ. ಪಂಚಾಯಿತಿಗೆ ಕೂತ ಹಿರಿಯರು "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎಂದು ಎದ್ದುಹೋದರು. ಆ ಮನೆಯಲ್ಲಿ ಜಗಳ ಶುರುವಾಗುತ್ತಿದ್ದದ್ದೇ ಉಂಡು ಮಲಗಿದ ಮೇಲೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಅವಳನ್ನು ಕಳಿಸುತ್ತೇವೆಂದು ದೊಡ್ಡಪ್ಪ ಮಾತು ಕೊಟ್ಟ. ಅಪ್ಪನಾದರೂ ಏನಾದರೂ ಹೇಳುತ್ತಾನೆಂದು ಕಾದಿದ್ದಳು. ಅವನು ತಲೆ ತಗ್ಗಿಸಿ, "ನಾನೇ ನನ್ನ ಕಾರಲ್ಲಿ ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ" ಎಂದ. ಅಣ್ಣನ ಎದುರು ದನಿ ಎತ್ತಿದವನಲ್ಲ. ಆ ದಿನದಿಂದ ತ್ರಿವೇಣಿ ಅಪ್ಪನ ಜೊತೆ ಮಾತು ಬಿಟ್ಟಿದ್ದಳು.

ಗ್ಯಾರೇಜಿನ ಓಬಳೇಶ, ಗಾದ್ರಪ್ಪ ಖಾಸಗಿ ಬಸ್ಸು ಓಡಿಸುತ್ತಿದ್ದಾಗ ಅದರಲ್ಲೇ ಕ್ಲೀನರ್ ಆಗಿದ್ದವನು. ಇಂಜಿನ್ ತಣಿದ ಮೇಲೆ ಒಳಗೆ ಬೆರಳು ತೋರಿಸಿದ. ಥರ್ಮೋಸ್ಟಾಟ್ ಹೌಸಿಂಗ್. ಇಂಜಿನ್ನಿನಿಂದ ರೇಡಿಯೇಟರಿಗೆ ನೀರು ದಾಟಿಸುವ ಪ್ಲಾಸ್ಟಿಕ್ ಗೂಡು. ಅದರ ಬಿರುಕಿನಲ್ಲಿ ನೀರು ಜಿನುಗುತ್ತಿತ್ತು.

"ಹೋದ್ಸಲಾನೇ ಹೇಳಿದ್ದೆ, ಹೊಸದು ಹಾಕ್ಸಿಬಿಡು ಅಂತ. ಅಂಟು ಹಚ್ಚಿದ್ರೆ ಎಷ್ಟು ದಿನ ತಡೀತೈತೆ ಅಣ್ಣ?"

"ನೋಡಾನ ಬಿಡು," ಎಂದ ಗಾದ್ರಪ್ಪ.

ದೊಡ್ಡಪ್ಪನಿಗೆ ರೇಗಿತು. ಅಂದು ಸೋಮವಾರ. ಮರುದಿನ ಮಂಗಳವಾರ, ತವರಿನಿಂದ ಮಗಳನ್ನು ಕಳಿಸುವ ದಿನವಲ್ಲ. ದೀಪ ಹಚ್ಚಿದ ಮೇಲಂತೂ ಕಳಿಸುವಂತೆಯೇ ಇಲ್ಲ. ಹೊತ್ತು ಮುಳುಗುವುದರೊಳಗೆ ಮೊಳಕಾಲ್ಮುರು ಮುಟ್ಟಲೇಬೇಕು. ತಾನೇ ಆಟೋ ಹತ್ತಿ ಬಿಡಿಭಾಗದ ಅಂಗಡಿಗೆ ಹೋಗಿ, ಹೊಸ ಹೌಸಿಂಗಿನ ಡಬ್ಬಿ ತಂದು ತಮ್ಮನ ಕೈಗಿಟ್ಟು, ಎದುರಿನ ಅಂಗಡಿಗೆ ಚಹಾಕ್ಕೆ ನಡೆದ. ತ್ರಿವೇಣಿಯ ಕೊನೆಯ ಆಸೆಯೂ ಅಲ್ಲಿಗೆ ಮುಗಿಯಿತು.

ಎತ್ತಿದ ಬಾನೆಟ್ಟಿನ ಹಿಂದೆ ಅಪ್ಪನೂ ಓಬಳೇಶನೂ ಮರೆಯಾದರು. ಹಿಂದಿನ ಸೀಟಿಗೆ ಮಾತು ಮಾತ್ರ ಕೇಳಿಸುತ್ತಿತ್ತು.

"ಅಣ್ಣ, ಇನ್ನೊಂದ್ಸಲ ಯೋಚ್ನೆ ಮಾಡು. ಆಮೇಲೆ ಅತ್ರೂ ವಾಪಸ್ ಬರಲ್ಲ."

"ಯೋಚ್ನೆ ಮಾಡೇ ಬಂದಿದ್ದೀನಿ. ಲೇ, ನಾನು ಹೇಳಿದಷ್ಟು ಮಾಡು."

ತ್ರಿವೇಣಿಗೆ ಅಳು ಒತ್ತರಿಸಿ ಬಂತು. ಗ್ಯಾರೇಜಿನವನಿಗಿರುವ ಕರುಳು ಹೆತ್ತವನಿಗಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪ ಬಸ್ಸಿನ ಕಾಲದ ಖಾಕಿ ಅಂಗಿಯಲ್ಲಿ ಕೈ ಒರೆಸಿಕೊಳ್ಳುತ್ತ ಬಂದು, ಅದನ್ನು ಮುದ್ದೆ ಮಾಡಿ ಡಿಕ್ಕಿಗೆ ಹಾಕಿದ.

ಕಾರು ಹೊರಟಿತು. ತಳಕು ದಾಟಿದರೂ ಮುಳ್ಳು ಮಿಸುಕಲಿಲ್ಲ.

"ನೋಡಿದೇನೋ, ಹೊಸದು ಹೊಸದೇ," ಎಂದು ದೊಡ್ಡಪ್ಪ ಬೀಗಿದ.

ಹಿರೇಹಳ್ಳಿಯ ಹತ್ತಿರ ಮುಳ್ಳು ಮತ್ತೆ ಏಳತೊಡಗಿತು. ದೊಡ್ಡಪ್ಪನ ಮುಖ ಸಪ್ಪಗಾಯಿತು.

"ನಿಲ್ಸೋ ಗಾದ್ರಿ, ನೀರು ಹಾಕಾನ."

"ಇನ್ನೇನು ಬಂತು ಬಿಡಣ್ಣ."

ಅಪ್ಪ ಆಕ್ಸಿಲರೇಟರಿನಿಂದ ಕಾಲು ಎತ್ತಲಿಲ್ಲ. ಮುಳ್ಳು ಕೆಂಪು ಗೆರೆ ದಾಟಿತು. ಒಳಗೆಲ್ಲ ಸುಟ್ಟ ವಾಸನೆ ತುಂಬಿತು. ಬಸ್ಸಿನ ದಿನಗಳಲ್ಲಿ ಇಂಜಿನ್ನಿನ ದನಿ ಚೂರು ಬದಲಾದರೂ ಗಾಡಿ ನಿಲ್ಲಿಸಿ ಇಳಿಯುತ್ತಿದ್ದ ಮನುಷ್ಯ. ದುಡಿಮೆ ಬಿಟ್ಟ ಮೇಲೆ ಆಸೆಪಟ್ಟು ಕೊಂಡ ಈ ಪುಟ್ಟ ಕಾರಿನ ಬಾಗಿಲನ್ನು ಯಾರಾದರೂ ಜೋರಾಗಿ ಹಾಕಿದರೂ ಸಹಿಸದವನು. ಅದನ್ನೇ ಸುಟ್ಟುಕೊಂಡಾದರೂ ಮಗಳನ್ನು ದಾಟಿಸಲು ಹೊರಟಿದ್ದಾನೆ. ನಾನು ಇವನಿಗೆ ಇಷ್ಟೊಂದು ಭಾರವಾದೆನೇ ಎಂದುಕೊಂಡಳು ತ್ರಿವೇಣಿ.

ಬಿ.ಜಿ.ಕೆರೆ ಇನ್ನೂ ಮುಂದಿರುವಾಗಲೇ ಇಂಜಿನ್ ಕಚ್ಚಿಕೊಂಡು ನಿಂತಿತು.

ಲಾರಿಯೊಂದಕ್ಕೆ ಹಗ್ಗ ಕಟ್ಟಿ ಎಳೆಸಿಕೊಂಡು ಅದೇ ಗ್ಯಾರೇಜಿಗೆ ಮರಳುವಷ್ಟರಲ್ಲಿ ಬೀದಿದೀಪ ಹೊತ್ತಿದ್ದವು. ಓಬಳೇಶ ಬಾನೆಟ್ ಎತ್ತಿದವನು ತಕ್ಷಣವೇ ಮುಚ್ಚಿದ.

"ಇಂಜಿನ್ ಸತ್ತೋಯ್ತು. ಇನ್ನು ಗುಜರಿಗೇ."

ದೊಡ್ಡಪ್ಪ ಹಣೆ ಒತ್ತಿಕೊಂಡ. "ಹೊಸದು ಹಾಕ್ಸಿದ್ರೂ ಹಿಂಗಾಯ್ತಲ್ಲೋ. ದೇವ್ರೇ ಬೇಡ ಅಂತಾನೋ ಏನೋ." ಪಂಚೆ ಎತ್ತಿ ಕಟ್ಟಿದ. "ಆದ್ರೂ ಮಾತು ಮಾತೇ. ಬುಧವಾರ ಬಸ್ಸಿಗೆ ನಾನೇ ಕರ್ಕೊಂಡು ಹೋಗ್ತೀನಿ." ಹಾಗೆಂದು ಊರಿಗೆ ಹೋಗಲು ಆಟೋ ಹುಡುಕುತ್ತ ಹೋದ.

ಅಪ್ಪ ಸತ್ತ ಕಾರಿನ ಮೇಲೆ ಅಂಗೈ ಇಟ್ಟು ನಿಂತಿದ್ದ. ಅವನ ಮುಖ ನೋಡಲು ಇಷ್ಟವಿಲ್ಲದೆ ತ್ರಿವೇಣಿ ಹಿಂದಕ್ಕೆ ಹೋಗಿ ಡಿಕ್ಕಿ ತೆಗೆದಳು. ತನ್ನ ಬ್ಯಾಗಿನ ಹಿಡಿಗೆ ಖಾಕಿ ಅಂಗಿ ಸಿಕ್ಕಿಕೊಂಡಿತ್ತು. ಎಳೆದಳು. ಬಟ್ಟೆಗೆ ಇರಬಾರದ ಭಾರವಿತ್ತು. ಬಿಚ್ಚಿದಳು.

ಒಳಗೆ ದೊಡ್ಡಪ್ಪ ತಂದುಕೊಟ್ಟಿದ್ದ ಹೊಸ ಹೌಸಿಂಗ್ ಇತ್ತು, ಡಬ್ಬಿಯ ಅಂಟುಪಟ್ಟಿಯನ್ನೂ ಕಿತ್ತಿರಲಿಲ್ಲ.