ಗೇರ್‌ಬಾಕ್ಸಿನೊಳಗಿನ ಹೊಟ್ಟು

ಮೂರನೇ ಗೇರಿಗೆ ಹಾಕಿದರೆ ಸಾಕು, ಕಾರು ಊಳಿಡುತ್ತಿತ್ತು. ಬಡಗಿ ಕೂತಲ್ಲಿ ಕೂರಲಾರದೆ ಗ್ಯಾರೇಜಿನ ತುಂಬ ಅಡ್ಡಾಡುತ್ತಿದ್ದ. ಅಕ್ಕನ ಗಂಡನ ಮಾತೇ ಸಾಕೆಂದು, ಯಾರಿಗೂ ತೋರಿಸದೆ ಅವರಿಂದಲೇ ಕೊಂಡ ಕಾರು. ಕೊಂಡು ಇನ್ನೂ ಮೂರು ತಿಂಗಳಾಗಿರಲಿಲ್ಲ.

"ಆಚಾರ್ರೆ, ನಿಮ್ಗೆ ಟೋಪಿ ಹಾಕವ್ರೆ," ಎಂದ ಮೆಕ್ಯಾನಿಕ್, ಗೇರ್‌ಬಾಕ್ಸಿನಿಂದ ಇಳಿಸಿದ ಎಣ್ಣೆಯ ತಟ್ಟೆಯನ್ನು ಮುಂದೆ ಹಿಡಿದು. "ಸವೆದ ಗೇರಿನ ಸದ್ದು ಅಡಗ್ಲಿ ಅಂತ ಮರದ ಹೊಟ್ಟು ತುಂಬವ್ರೆ."

"ನಾಲ್ಗೆ ಬಿಗಿ ಹಿಡ್ದು ಮಾತಾಡು. ನಮ್ಮ ಬಾವ ದೇವರಂಥ ಮನುಷ್ಯ. ನನ್ ಹತ್ರ ದುಡ್ಡು ಕೀಳೋಕೆ ನೀನೇ ಹಾಕಿರ್ಬೇಕು."

"ನಾನ್ಯಾಕ್ ಹಾಕ್ಲಿ? ಬೇಕಾದ್ರೆ ಮುಟ್ಟಿ ನೋಡಿ. ನುಣ್ಣಗೆ ಜರಡಿ ಹಿಡ್ದು ಹಾಕವ್ರೆ. ಅದಕ್ಕೇ ಇಷ್ಟು ದಿನ ಸದ್ದು ಬರ್ಲಿಲ್ಲ."

ಬಡಗಿ ಎಣ್ಣೆಯಲ್ಲಿ ಬೆರಳದ್ದಿ ತಿಕ್ಕಿ ನೋಡಿದ. ಹೊಟ್ಟು ರಾಗಿಹಿಟ್ಟಿನಷ್ಟು ನುಣುಪಾಗಿತ್ತು. ಅಷ್ಟು ಹೊತ್ತು ಅಡ್ಡಾಡುತ್ತಿದ್ದವನು ನಿಂತುಬಿಟ್ಟ.

"ಯಾಕ್ ಆಚಾರ್ರೆ, ಯಾವ ಮರ ಅಂತ ಗೊತ್ತಾಯ್ತಾ?"



ಕಾರು ಕೊಳ್ಳುವ ಹಿಂದಿನ ವಾರ ಬಾವ ಬಡಗಿಯ ಅಂಗಡಿಗೆ ಬಂದು, "ಕೋಳಿಮರಿಗಳಿಗೆ ಹಾಸ್ಬೇಕು ಕಣಪ್ಪ, ಕಾಲಿಗೆ ಚುಚ್ಬಾರ್ದು ನೋಡು," ಎಂದಿದ್ದರು. ಅವನು ಒಂದು ಡಬ್ಬಿ ಹೊಟ್ಟನ್ನು ಮೂರು ಸಲ ಜರಡಿ ಹಿಡಿದು ಕೊಟ್ಟಿದ್ದ.