ಚೆನ್ನಾಜಮ್ಮನ ನಡುಮನೆಯ ಮೀನುದಾರಿ

ಹೊಳೆಗೆ ಅಡ್ಡ ಹಾಕಿದ ಕಟ್ಟೆ ಹಾರಲಾರದ ಮಹಶೀರ್ ಮೀನುಗಳಿಗಾಗಿ ಆ ಊರಿನವರು ವರ್ಷಕ್ಕೊಂದು ದಿನ ಪೇಟೆಬೀದಿಯನ್ನೇ ಹೊಳೆ ಮಾಡುತ್ತಿದ್ದರು. ಬೆಳಗಾಗುತ್ತಲೇ ಮೇಲಿನ ಕಾಲುವೆಯ ತೂಬು ಎತ್ತಿದರೆ ಹೊಸ್ತಿಲೆತ್ತರ ನೀರು ಬೀದಿಗಿಳಿಯುತ್ತಿತ್ತು. ಮೀನುಗಳು ಅದನ್ನೇರಿ ಮೊಟ್ಟೆಯಿಡಲು ಮೇಲಿನ ಮಡುವಿಗೆ ಹೋಗುತ್ತಿದ್ದವು. ಜನ ಬಾಗಿಲಿಗೆ ಹಲಗೆ ಕಟ್ಟಿ, ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು.

ಈ ಸಲ ಮೀನುಗಳು ಚೆನ್ನಾಜಮ್ಮನ ಮನೆಯ ಮುಂದೆಯೇ ನಿಂತುಬಿಟ್ಟವು. ಅಲ್ಲಿಂದ ಮುಂದೆ ಬೀದಿಯ ತುದಿಗೆ ಹೊಸದಾಗಿ ಹಾಕಿದ್ದ ಕಾಂಕ್ರೀಟ್ ಏರು ತೀರಾ ಕಡಿದಾಗಿತ್ತು. ದೊಡ್ಡ ಮೀನೊಂದು ಹಾರಿ ಹಾರಿ ಬಿದ್ದು ಸುಸ್ತಾಗಿತ್ತು. ಇವತ್ತು ಮೇಲೆ ಹೋಗದಿದ್ದರೆ ಮುಂದಿನ ವರ್ಷ ಹೊಳೆಯಲ್ಲಿ ಮರಿಯೇ ಇಲ್ಲ.

ಅಷ್ಟರಲ್ಲಿ ಜಗಲಿಯ ಮೇಲಿದ್ದ ಚೆನ್ನಾಜಮ್ಮನ ಬೆನ್ನ ಹಿಂದೆ ನೀರು ಭೋರೆಂದಿತು. ಮನೆಯೊಳಗೆ ನೀರು ಜಿನುಗಿದ್ದನ್ನು ಕಂಡ ಹೊಸ ಸೊಸೆ ಸುಗುಣ ಮುಂಬಾಗಿಲ ಹಲಗೆ ಕಿತ್ತು, ಹಿತ್ತಿಲ ಬಾಗಿಲನ್ನೂ ಹಾರುಹೊಡೆದಿದ್ದಳು. ಹಿತ್ತಿಲ ಪಕ್ಕದಲ್ಲೇ ತುಂಬಿ ಉಕ್ಕುತ್ತಿದ್ದ ಮೇಲಿನ ಕಾಲುವೆಯ ನೀರು ನಡುಮನೆ ಹಾದು ಬೀದಿಗೆ ಹರಿಯುತ್ತಿತ್ತು.

“ಏನ್ ಮಾಡ್ದೆ ತಾಯಿ!”

“ನಮ್ಮೂರಲ್ಲಿ ನೀರು ನುಗ್ಗಿದ್ರೆ ಎರಡೂ ಬಾಗ್ಲು ತೆಗ್ದುಬಿಡ್ತೀವಿ ಅತ್ತೆ. ಗೋಡೆ ಉಳೀತದೆ.”

ಚೆನ್ನಾಜಮ್ಮ ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಆ ದೊಡ್ಡ ಮೀನು ಹೊಸ ನೀರಿನ ಸೆಳವಿಗೆ ತಲೆ ತಿರುಗಿಸಿ ಹೊಸ್ತಿಲು ದಾಟಿತು. ಮಂಚದಡಿ ನುಸುಳಿ, ಒಲೆ ಬಳಸಿ, ಹಿತ್ತಿಲಿನಿಂದ ಕಾಲುವೆಗೆ ಹಾರಿ ಮಡುವಿನ ಕಡೆ ಹೊರಟಿತು. ಅದರ ಬೆನ್ನಿಗೇ ಮಿಕ್ಕವೂ ನುಗ್ಗಿದವು. ಬೀದಿಗೆ ಬೀದಿಯೇ ಕೇಕೆ ಹಾಕಿತು.

ಚೆನ್ನಾಜಮ್ಮ ಒಳಗೆ ಬಂದು ತೇಲುತ್ತಿದ್ದ ಚಾಪೆಯನ್ನು ಎಳೆದುಕೊಂಡು ಮಂಚವೇರಿ ಕೂತಳು.

“ಸುಗುಣಾ, ಆ ಒರಳು ಪಕ್ಕಕ್ಕೆ ಸರ್ಸವ್ವ. ಹಿಂದೆ ಬರೋ ಮೀನಿಗೆ ಅಡ್ಡ ಆಯ್ತದೆ.”